ಟೀಚರ್ ಎಡಗಡೆಯ ಜಾಗ

"ಅಮ್ಮಾ, ನಿಮ್ಮ ಮಗಳಿಗೆ ಎಡಗಿವಿ ಸರಿಯಾಗಿ ಕೇಳಿಸ್ತಾ ಇಲ್ಲ ಅನ್ಸುತ್ತೆ. ಒಂದ್ಸಲ ಡಾಕ್ಟರ್ ಹತ್ರ ತೋರಿಸಿ," ಎಂದರು ಬ್ಯಾಡರಹಳ್ಳಿಯ ಸರ್ಕಾರಿ ಶಾಲೆಯ ಟೀಚರ್. ಎರಡನೇ ತರಗತಿಯ ಮಗಳನ್ನು ಕರೆದೊಯ್ಯಲು ಬಂದಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಹಿಂದಿನ ದೊಡ್ಡ ಶಾಲೆಯಲ್ಲಿ ಅವಳ ಸೆಕ್ಷನ್ನಿನಲ್ಲೇ ಅರವತ್ತು ಮಕ್ಕಳು. ಎರಡು ವರ್ಷವೂ ಡೈರಿಯಲ್ಲಿ ಒಂದೇ ಷರಾ: 'ಗಮನ ಕೊಡುವುದಿಲ್ಲ'. ಅದನ್ನು ನಂಬಿ ಬೈದಿದ್ದೆ, ಹೊಡೆದೂ ಇದ್ದೆ. ಮನೆ ಬದಲಾಯಿಸಿದಾಗ ಬೇರೆಲ್ಲೂ ಸೀಟು ಸಿಗದೆ, ಒಲ್ಲದ ಮನಸ್ಸಿನಿಂದ ಇಲ್ಲಿಗೆ ಸೇರಿಸಿದ್ದೆ. ಇಲ್ಲಿ ಒಂದರಿಂದ ಮೂರನೇ ತರಗತಿಯವರೆಗಿನ ಹದಿನೇಳು ಮಕ್ಕಳಿಗೂ ಒಂದೇ ಕೋಣೆ. ಟೀಚರ್ ಅವರ ಜೊತೆಗೇ ಚಾಪೆಯ ಮೇಲೆ ದುಂಡಗೆ ಕೂರುತ್ತಾರೆ.

"ನಿಮಗೆ ಹೇಗೆ ಗೊತ್ತಾಯ್ತು ಮಿಸ್?"

"ದಿನಾ ಬೇರೆ ಮಕ್ಕಳನ್ನ ಸರಿಸಿ ನನ್ನ ಎಡಗಡೆಗೇ ಬಂದು ಕೂತ್ಕೋತಾಳೆ, ಆಗ ಅವಳ ಬಲಗಿವಿ ನನ್ನ ಕಡೆಗಿರುತ್ತೆ. ಬಲಗಡೆ ಕೂರಿಸಿದ್ರೆ, ಪಾಪ, ನನ್ನ ಬಾಯನ್ನೇ ನೋಡ್ತಾ ಇರ್ತಾಳೆ."

ಡಾಕ್ಟರೂ ಅದನ್ನೇ ಹೇಳಿದರು, ಚಿಕಿತ್ಸೆ ನಡೆಯುತ್ತಿದೆ. ಆ ಟೀಚರಿಗೂ ಅವರ ಚಾಪೆಗೂ ನಾನು ಋಣಿ. ರಸ್ತೆಯಲ್ಲಿ ನಡೆಯುವಾಗ ಈಗ ಮಗಳ ಬಲಗಡೆಗೆ ಬಂದು ಕೈ ಹಿಡಿಯುತ್ತೇನೆ. ದಾರಿಯುದ್ದಕ್ಕೂ ಅವಳ ಮಾತು ನಿಲ್ಲುವುದೇ ಇಲ್ಲ.