ಗಂಗವ್ವ ನಂಬಿದ ಸಿನಿಮಾ

ಗೆಳೆಯರೇ, ಇವತ್ತು ಮಧ್ಯಾಹ್ನ ನಮ್ಮ ಟಾಕೀಸಿನ ಯಂತ್ರ ಒಯ್ದು, ಹುಬ್ಬಳ್ಳಿಯಾಚೆಯ ಕುಷ್ಠಾಶ್ರಮದಲ್ಲಿ ಕಿಟಕಿಗಳಿಗೆ ಕಂಬಳಿ ಕಟ್ಟಿ ಸಿನಿಮಾ ತೋರಿಸಿದೆ. ಕುಷ್ಠರೋಗಿಗಳ ಸೇವೆ ಮಾಡುತ್ತ ಅದೇ ರೋಗದಿಂದ ಸಾಯುವ ಹಿಂದಿನ ಕಾಲದ ಪಾದ್ರಿಯೊಬ್ಬನ ಕಥೆ. ಆಶ್ರಮದ ಪಾದ್ರಿಗಳೇ ಕೇಳಿ ತರಿಸಿದ್ದರು.

ಮುಗಿದ ಮೇಲೆ ಅವರು ಎಂದಿನಂತೆ ಮುದುಕಿ ಗಂಗವ್ವನ ಹುಣ್ಣು ತೊಳೆಯಲು ಕುಳಿತರು. ಆಕೆ ಕಾಲು ಎಳೆದುಕೊಂಡಳು.

“ಮುಟ್ಟಬ್ಯಾಡ್ರಿ. ನಿಮಗೂ ಹಂಗ ಆಗ್ತೈತಿ.”

“ಅದು ಸಿನಿಮಾ, ಗಂಗವ್ವಾ. ನನಗೇನೂ ಆಗೂದಿಲ್ಲ.”

“ನನ್ನ ಗಂಡನೂ ಹಿಂಗ ಅಂದಿದ್ದ ರೀ. ಅವನ್ನ ಮಣ್ಣ ಮಾಡಿ ಇಲ್ಲಿಗೆ ಬಂದೇನಿ.”

ಬೆರಳಿಲ್ಲದ ಕೈಗಳಿಂದ ತಾನೇ ತೊಳೆದುಕೊಂಡಳು. ಉಳಿದವರೂ ಪಾದ್ರಿಗಳನ್ನು ಹತ್ತಿರ ಬಿಡಲಿಲ್ಲ. ಅವರು ಬಿಸಿನೀರಿನ ಬೋಗುಣಿ ಹಿಡಿದು ನಿಂತೇ ಇದ್ದರು.

ಇದೇ ಸಿನಿಮಾ ನೋಡಿ ಊರಿನ ಜನ ಅತ್ತು, ಚಪ್ಪಾಳೆ ತಟ್ಟಿ ಮನೆಗೆ ಹೋಗಿದ್ದರು. ಅದನ್ನು ನಿಜವೆಂದು ನಂಬಿದವರು ಈ ರೋಗಿಗಳು ಮಾತ್ರ.