ಒರತೆಗೆ ಇಳಿದ ಕೆಂಪು

ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಕಾಕಾ ಒಬ್ಬರಿದ್ದರು. ಅವರ ಕೈಗಳು ಮೊಣಕೈವರೆಗೂ ಕೆಂಪು. ಎಪ್ಪತ್ತರ ದಶಕದಲ್ಲಿ ಪೇಟೆಯಿಂದ ಡಬ್ಬಿ ಬಣ್ಣ ಬಂದ ಮೇಲೆ ಕೆಲಸ ಹೆಚ್ಚಿತು. ಉಳಿದ ಬಣ್ಣದ ನೀರನ್ನೆಲ್ಲ ಹಳ್ಳಕ್ಕೆ ಸುರಿಯುತ್ತಿದ್ದರು. ಹೆಂಗಸರು ತಕರಾರು ತೆಗೆದರೆ ನಕ್ಕು, ‘ಹರಿಯೋ ನೀರವ್ವಾ, ಎಲ್ಲಾ ತೊಳಕೊಂಡು ಹೋಗ್ತೈತಿ’ ಎನ್ನುತ್ತಿದ್ದರು. ನಾವೂ ಹೌದೆನ್ನುತ್ತಿದ್ದೆವು; ಬಣ್ಣದ ಸೀರೆ ಯಾರಿಗೆ ಬೇಡ?

ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಉಸುಕು ತೋಡಿ, ಒರತೆಯಲ್ಲಿ ಜಿನುಗುವ ಸಿಹಿನೀರನ್ನು ಕುಡಿಯಲು ತುಂಬಿಕೊಳ್ಳುವುದು ನಮ್ಮ ರೂಢಿ. ವರ್ಷದ ಮೊದಲ ಒರತೆ ತೋಡುವ ಮಾನ ಕಾಕಾನದೇ. ಡಬ್ಬಿ ಬಣ್ಣ ಬಂದ ಕೆಲವು ವರ್ಷಕ್ಕೆ ಒಂದು ಬೇಸಿಗೆ, ಎಂದಿನಂತೆ ಮೊಣಕಾಲೂರಿ ಕೂತು ತೋಡಿದರು. ಅವರ ಮಗಳು ಕೊಡ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ನಾವೆಲ್ಲ ಬಗ್ಗಿ ನೋಡುತ್ತಿದ್ದೆವು. ನೀರು ನಿಧಾನಕ್ಕೆ ಏರಿತು, ತೆಳ್ಳಗೆ ಕೆಂಪಾಗಿ.

ಮಗಳು ಕೊಡ ಕೆಳಗಿಟ್ಟು, ‘ನಿನ್ನ ಕೈ ಬಣ್ಣ ಬಿಟ್ಟಿರಬೇಕು ಯಪ್ಪಾ’ ಎಂದಳು.

ಕಾಕಾ ಎರಡೂ ಕೈ ಮೇಲೆತ್ತಿ ನೋಡಿಕೊಂಡರು. ‘ಇಷ್ಟ ವರ್ಷ ತೊಳದೇನಿ, ಇದು ಎಂದೂ ಬಿಟ್ಟಿಲ್ಲವ್ವಾ.’

ಆಮೇಲೆ ಬೊಗಸೆ ಬೊಗಸೆ ಉಸುಕು ತುಂಬಿ, ಹೆಣಕ್ಕೆ ಮಣ್ಣು ಕೊಡುವವರ ಹಾಗೆ ಆ ಒರತೆಯನ್ನು ಮುಚ್ಚಿದರು.