ನಲ್ಲಿಯಿಲ್ಲದ ನೀರು, ಅವ್ವನ ಹರವಿ

ಹೊಸನಗರದ ಹತ್ತಿರದ ಈ ಹಳ್ಳಿಯ ಶಾಲೆಗೆ ನಾನು ಬಂದ ದಿನ ಹಿತ್ತಿಲಲ್ಲಿ ಮೂವರಿದ್ದೆವು: ಬಾಡಿಗೆಗೆ ಕೋಣೆ ಕೊಟ್ಟ ಗಿರಿಜಮ್ಮ, ಕೊಪ್ಪಳದ ಕಡೆಯಿಂದ ನನ್ನನ್ನು ಬಿಡಲು ಬಂದ ಅವ್ವ, ನಾನು. ಅವ್ವನ ಕಂಕುಳಲ್ಲಿ ನೀರು ತುಂಬಿಡುವ ಮಣ್ಣಿನ ಹರವಿ. ಎರಡು ಬಸ್ಸು ಬದಲಿಸಿದರೂ ಕೆಳಗಿಟ್ಟಿರಲಿಲ್ಲ.

ಮೂಲೆಯಲ್ಲೊಂದು ಕರಿ ಪೈಪಿನಿಂದ ನೀರು ಸುರಿಯುತ್ತಿತ್ತು. ಅವ್ವ ಓಡಿದಳು.

"ಯವ್ವಾ, ನೀರ ಸುಮ್ನ ಹರಿದ ಹೊಂಟೈತಲ್ಲ! ನಳ ಯಾರ ಬಿಟ್ಟಾರ?"

"ನಲ್ಲಿ ಇದ್ರೆ ತಾನೆ ನಿಲ್ಸೋದು?" ಗಿರಿಜಮ್ಮ ನಕ್ಕರು. "ಗುಡ್ಡದ ಅಬ್ಬಿಯಿಂದ ಬರ್ತದೆ. ವರ್ಷಾನುಗಟ್ಲೆ ಹಿಂಗೇ."

ಅಬ್ಬಿ ಎಂದರೆ ಗುಡ್ಡದ ಸಂದಿಯ ಒರತೆ. ಅದರ ನೀರನ್ನು ಯಾರೂ ತಡೆಯುವುದಿಲ್ಲ. ಬಳಸಿ ಉಳಿದದ್ದು ದನಗಳ ಕಲ್ಲುಮರಿಗೆಗೆ, ಅಲ್ಲಿಂದ ಬಸಳೆ ಚಪ್ಪರಕ್ಕೆ. ನಮ್ಮೂರಲ್ಲಿ ಅಕ್ಕಿ ತೊಳೆದ ನೀರಿಗೂ ಇನ್ನೆರಡು ಕೆಲಸ ಕಾದಿರುತ್ತವೆ. ಇಲ್ಲಿ ನೀರು ತುಂಬಿಡಲು ಪಾತ್ರೆಯೇ ಇಲ್ಲ. ಅವ್ವ ಬಿಟ್ಟುಹೋದ ಹರವಿ ಊರಿಗೆಲ್ಲ ತಮಾಷೆಯಾಯಿತು. ಒಂಟಿ ಕೋಣೆಯಲ್ಲಿ ಆ ನೀರಿನ ಸದ್ದಿಗೆ ಮೊದಲು ನಿದ್ದೆ ಬರಲಿಲ್ಲ. ಆಮೇಲೆ ಅದಿಲ್ಲದೆ ಬರುತ್ತಿರಲಿಲ್ಲ.

ಮೂರನೆಯ ವರ್ಷ ಮಳೆ ಹಟ ಹಿಡಿದವರಂತೆ ಕೆಲವೇ ದಿನ ಸುರಿದು, ನೆಲಕ್ಕೆ ಇಂಗದೆ ಗುಡ್ಡದ ಮಣ್ಣನ್ನು ಕೊಚ್ಚಿಕೊಂಡು ಹೋಯಿತು. ಬೇಸಿಗೆಗೆ ಪೈಪಿನ ನೀರು ದಾರದಷ್ಟಾಯಿತು. ಅದೇ ಹೊತ್ತಿಗೆ ಗಿರಿಜಮ್ಮನ ಮಗಳು ಸಾವಿತ್ರಿ ಹೆಣ್ಣುಕೂಸಿನೊಂದಿಗೆ ಚೊಚ್ಚಲ ಬಾಣಂತನಕ್ಕೆ ಬಂದಳು. ಬಾಣಂತಿಗೆ ಇಲ್ಲಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯಬೇಕು. ಅಳಿಯ ಫೋನು ಮಾಡಿದ: "ಅತ್ತೆ, ಸಾಗರಕ್ಕೇ ಕರ್ಕಂಡ್ ಬರ್ತೀನಿ. ಇಲ್ಲಿ ನಲ್ಲಿ ಇದ್ಯಲ್ಲ."

ಗಿರಿಜಮ್ಮ ಕೂಸನ್ನು ತೊಡೆಯಿಂದ ಇಳಿಸಲಿಲ್ಲ. ಭೂಮಿಯೇ ಬಿಸಿಯಾಗುತ್ತಿದೆ ಎಂದು ಶಾಲೆಯಲ್ಲಿ ನಾನು ಮಕ್ಕಳಿಗೆ ಓದಿಸುತ್ತೇನೆ. ಪಾಠದಲ್ಲಿ ಆ ಬಿಸಿ ಎಲ್ಲರಿಗೂ ಒಂದೇ ಸಮ ಎನ್ನುವಂತಿರುತ್ತದೆ. ಕೊಳವೆಬಾವಿಯಿದ್ದ ಮೇಲಿನ ಮನೆಗೆ ಅಬ್ಬಿ ಬತ್ತಿದ ಸುದ್ದಿಯೂ ತಲುಪಿರಲಿಲ್ಲ. ಅಬ್ಬಿಯನ್ನೇ ನಂಬಿದ ಈ ಮನೆಯಿಂದ ಮೊಮ್ಮಗಳೇ ಹೊರಡಬೇಕಾಗಿ ಬಂದಿತ್ತು. ಕೊಪ್ಪಳದ ಕಡೆಯ ನಮಗೆ ಬರ ಹಳೆಯ ಪರಿಚಯ, ಅದರ ಜೊತೆ ಬಾಳುವುದು ಗೊತ್ತು. ಇವರಿಗೆ ಅದೂ ಇಲ್ಲ.

ಆ ದಾರದಂಥ ನೀರೂ ನೆಲಕ್ಕೇ ಬೀಳುತ್ತಿತ್ತು!

"ಹರವಿ ಇಡೋಣ್ರೀ," ಅಂದೆ.

"ಹರಿಯೋದಕ್ಕೆ ಅಡ್ಡ ಇಡೋದಾ ಟೀಚರೇ? ದನ ಬಂದು ಖಾಲಿ ಮರಿಗೆ ನೆಕ್ಕಂಡ್ ಹೋದ್ರೆ?"

ಉಪಾಯ ಕಾಣದೆ ಅವ್ವನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ.

"ತಂಗೀ, ನಮ್ಮಲ್ಲಿ ದಿನಕ್ಕ ನಾಕ ಕೊಡದಾಗ ಐದು ಬಾಣಂತನ ಮುಗಿಸೀನಿ. ದನಕ್ಕ ಮೊದಲ ಒಂದು ಕೊಡ ತಗದಿಡ್ರಿ. ಮೈ ತೊಳದ ನೀರ ಬಸಳಿಗೆ. ಹರವಿ ತುಂಬೂದ್ರಾಗ ಇನ್ನೊಂದು ಪಾತ್ರಿ ತಯಾರಿರಲಿ."

"ಐದಾ!" ಗಿರಿಜಮ್ಮ ಬಾಯಿ ಮೇಲೆ ಕೈಯಿಟ್ಟರು. "ಆಯ್ತು ಬಿಡಿ ಅಕ್ಕಾ, ನಿಮ್ ಹರವಿನೇ ದೊಡ್ಡದು."

ಭತ್ತ ಬೇಯಿಸುವ ಹಂಡೆಯನ್ನು ಅಟ್ಟದಿಂದ ಇಳಿಸಿದೆವು. ಪೈಪಿನ ಕೆಳಗೆ ಪಾತ್ರೆ ಬದಲಿಸಲು ಶಾಲೆಗೆ ಹೋಗುವ ಮುನ್ನ ನಾನು, ಬಂದ ಮೇಲೆ ನಾನು, ನಡುವೆ ಗಿರಿಜಮ್ಮ. ಹಂಡೆಗಟ್ಟಲೆ ಹೊಯ್ಯಲಾಗಲಿಲ್ಲ, ಆದರೆ ಒಂದು ದಿನವೂ ಸ್ನಾನ ತಪ್ಪಲಿಲ್ಲ. ಸಾವಿತ್ರಿ ಮೂರು ತಿಂಗಳು ಮುಗಿಸಿಯೇ ಸಾಗರಕ್ಕೆ ಹೋದಳು.

ಮಳೆ ಹಿಡಿದ ಮೇಲೆ ರಜೆ ಹಾಕಿ ಊರಿಗೆ ಹೋದೆ. ಬೆಳಿಗ್ಗೆ ಎದ್ದರೆ ನೀರಿನ ಸದ್ದಿಲ್ಲ, ಅಬ್ಬಿ ಮತ್ತೆ ಬತ್ತಿತೆಂದು ಹಿತ್ತಿಲಿಗೆ ಓಡಿದೆ. "ಇದು ನಿನ್ನ ಊರವ್ವಾ," ಎಂದು ಅವ್ವ ನಕ್ಕಳು.

ವಾರ ಬಿಟ್ಟು ಶಾಲೆಯ ಹಳ್ಳಿಗೆ ಮರಳಿದೆ. ಪೈಪು ಮೊದಲಿನಂತೆ ಭೋರೆಂದು ಸುರಿಯುತ್ತಿತ್ತು. ಅದರ ಕೆಳಗೆ ಹರವಿ ತುಂಬಿ ಚೆಲ್ಲುತ್ತಿತ್ತು. ತೆಗೆಯಲು ಹೋದೆ.

"ಇರ್ಲಿ ಟೀಚರೇ," ಅಂದರು ಗಿರಿಜಮ್ಮ, "ಅಲ್ಲೇ ಇರ್ಲಿ."